ಕಾಫಿ ಕಣದಲ್ಲಿ ನೆಂಟರ ಗಾಲಿಮನೆ

ಕಳೆದ ಡಿಸೆಂಬರಿನಲ್ಲಿ ಅಮೆರಿಕದಲ್ಲಿರುವ ನಮ್ಮ ಕೂಟದ ಎರಡು ಕುಟುಂಬಗಳು ಬೆಂಗಳೂರಿನಲ್ಲಿ ಕ್ಯಾರವಾನ್ (ಒಳಗೇ ವಾಸಿಸಬಹುದಾದ ಗಾಲಿಮನೆ) ಬಾಡಿಗೆಗೆ ಹಿಡಿದು, ಕುಶಾಲನಗರ ಹಾದು, ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಗೆ ಬಂದು ಮೂರು ರಾತ್ರಿ ತಂಗಿದ್ದವು. ರಜೆಯೆಂದು ನಾನೂ ಊರಿನಲ್ಲಿದ್ದೆ. ಮೊದಲ ಸಂಜೆಯೇ, ಆಗಷ್ಟೇ ತೊಳೆದಿದ್ದ, ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ಬರಿಗಾಲಿನಲ್ಲಿ ನಿಂತು ವಾಹನದ ಬಾಗಿಲ ಹಿಡಿಗೆ ಕೈಯಿಟ್ಟ ಹುಡುಗನಿಗೆ ಕರೆಂಟು ಹೊಡೆಯಿತು. ಅವನು ಥಟ್ಟನೆ ಕೈ ಎಳೆದುಕೊಂಡ, ದೇವರ ದಯೆಯಿಂದ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಅಣ್ಣನಿಗೂ ನನಗೂ ನಿದ್ದೆ ಹತ್ತಲಿಲ್ಲ. ಪಂಪಿನ ಶೆಡ್ಡಿನಿಂದ ಎಳೆದು ತಂದಿದ್ದ ವೈರಿನಲ್ಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ತಂತಿಯೇ ಇರಲಿಲ್ಲವೆಂಬುದು ಟಾರ್ಚ್ ಹಿಡಿದು ಹುಡುಕಿದಾಗ ಕಂಡಿತು. ಕೊಡಗಿನ ತಮ್ಮ ಮನೆಗಳಲ್ಲಿ ಕ್ಯಾರವಾನ್ ನಿಲ್ಲಿಸಲು ಇಂಥದೇ ಏರ್ಪಾಡು ಮಾಡಿಸಬೇಕೆಂದಿರುವ ಸದಸ್ಯರು ನಮ್ಮಲ್ಲಿ ಹಲವರಿರುವುದರಿಂದ, ಈ ಸಂಚಿಕೆಯ ಸಂಪಾದಕೀಯವನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಅಮೆರಿಕದಲ್ಲಿ ಆರ್‌ವಿ (ಕ್ಯಾರವಾನಿಗೆ ಅಲ್ಲಿನ ಹೆಸರು) ಇಟ್ಟುಕೊಂಡ ಗೆಳೆಯರು ಮನೆಗೆ ಬಂದರೆ ನಾವು ಕೊಡುವುದು ಮೂರು ಸಂಪರ್ಕಗಳನ್ನು: ವಿದ್ಯುತ್ತು, ನೀರು, ಕೊಳಚೆಗೊಂದು ದಾರಿ. ಅಲ್ಲಿನ ಲೆಕ್ಕದಲ್ಲಿ 120 ವೋಲ್ಟಿನ 30 ಆಂಪಿಯರ್ ಸಾಕೆಟ್ ಎಂದರೆ 3,600 ವ್ಯಾಟ್; ದೊಡ್ಡ ವಾಹನಗಳಿಗೆ ಬೇಕಾಗುವ 50 ಆಂಪಿಯರ್ ಸಂಪರ್ಕದಲ್ಲಿ 120 ವೋಲ್ಟಿನ ಎರಡು ತಂತಿಗಳಿರುವುದರಿಂದ ಒಟ್ಟು 12,000 ವ್ಯಾಟ್ ಸಿಗುತ್ತದೆ. ಈ ರೂಢಿಯ ಮೇಲೆಯೇ ನಮ್ಮವರು ಊರಿಗೆ ಫೋನ್ ಮಾಡಿ “ಅಂಗಳದಲ್ಲಿ 30 ಆಂಪಿಯರ್ ಹಾಕಿಸಿಡಿ” ಎಂದುಬಿಡುತ್ತಾರೆ. ಊರಿನ ವಿದ್ಯುತ್ತು 230 ವೋಲ್ಟಿನದು. ಗೀಸರಿಗೆ ಹಾಕಿಸುವಂಥ 16 ಆಂಪಿಯರ್ ಸಾಕೆಟ್ಟೇ 3,680 ವ್ಯಾಟ್ ಕೊಡುತ್ತದೆ, ಅಂದರೆ ಅಲ್ಲಿನ 30 ಆಂಪಿಯರಿಗೆ ಸರಿಸಮ. ಒಂದು ಏಸಿ, ಫ್ರಿಜ್ಜು, ದೀಪಗಳಿಗೆ ಇಷ್ಟು ಧಾರಾಳವಾಗಿ ಸಾಲುತ್ತದೆ, ಏಸಿ ನಡೆಯುತ್ತಿರುವಾಗಲೇ ನೀರು ಕಾಯಿಸುವ ಹೀಟರನ್ನೂ ಹಾಕದಿದ್ದರೆ. ನೋಡಬೇಕಾದದ್ದು ಸಾಕೆಟ್ಟಿಗಿಂತ ಮುಖ್ಯವಾಗಿ ಮನೆಗೆ ಮಂಜೂರಾಗಿರುವ ಲೋಡನ್ನು, ಅಂದರೆ ಒಮ್ಮೆಗೆ ಬಳಸಬಹುದಾದ ವಿದ್ಯುತ್ತಿನ ಮಿತಿಯನ್ನು. ಅದು ಎರಡು ಮೂರು ಕಿಲೋವ್ಯಾಟ್ ಮಾತ್ರವಿದ್ದರೆ ಮೊದಲು ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್ ಕಚೇರಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ವೈರಿನ ದಪ್ಪದಲ್ಲಿ ಕೈ ಬಿಗಿ ಮಾಡುವುದು ಸಲ್ಲದು. ಮನೆಯಿಂದ ಕಣಕ್ಕೆ 40 ಮೀಟರ್ ದೂರವಿದೆಯೆಂದುಕೊಂಡರೆ, 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 16 ಆಂಪಿಯರ್ ಹರಿಯುವಾಗ ಒಂಬತ್ತು ಹತ್ತು ವೋಲ್ಟ್ ದಾರಿಯಲ್ಲೇ ಇಳಿದುಹೋಗುತ್ತದೆ. 4 ಚದರ ಮಿಲಿಮೀಟರಿನದರಲ್ಲಿ ಇಳಿಯುವುದು ಆರು ವೋಲ್ಟಿನಷ್ಟು. ಸಂಜೆ ಹೊತ್ತು ಮೊದಲೇ ವೋಲ್ಟೇಜು ಕುಸಿಯುವ ತೋಟದ ಲೈನುಗಳಲ್ಲಿ ಈ ವ್ಯತ್ಯಾಸ ಏಸಿಯ ಕಂಪ್ರೆಸರಿಗೆ ದೊಡ್ಡದೇ. ಉಳಿದ ವೈರನ್ನು ಸುರುಳಿ ಸುತ್ತಿಟ್ಟು ಬಳಸಿದರೆ ಅದು ಕಾದು ಮೇಲಿನ ಪ್ಲಾಸ್ಟಿಕ್ ಕರಗಬಹುದು.

ತೋಟದ ಮನೆಗಳಿಗೆ ಇರುವ ಇನ್ನೊಂದು ಅಪಾಯವೆಂದರೆ ತ್ರೀಫೇಸ್, ಅಂದರೆ ಫೇಸ್ ಎನ್ನುವ ಮೂರು ತಂತಿಗಳಲ್ಲಿ ಬರುವ ವಿದ್ಯುತ್ತು. ಅಮೆರಿಕದಲ್ಲಿ ಆರ್‌ವಿಯ 30 ಆಂಪಿಯರ್ ಸಾಕೆಟ್ಟನ್ನು ಬಟ್ಟೆ ಒಣಗಿಸುವ ಯಂತ್ರದ್ದೆಂದು ತಪ್ಪು ತಿಳಿದು 240 ವೋಲ್ಟ್ ಕೊಟ್ಟು, ಒಳಗಿನ ಉಪಕರಣಗಳನ್ನೆಲ್ಲ ಸುಟ್ಟ ಎಲೆಕ್ಟ್ರಿಷಿಯನ್ನರಿದ್ದಾರೆ. ಸ್ಪ್ರಿಂಕ್ಲರ್ ಪಂಪಿಗೆಂದು ತ್ರೀಫೇಸ್ ಇರುವ ಶೆಡ್ಡಿನಲ್ಲಿ ಅದೇ ತಪ್ಪು ನಡೆದರೆ ಎರಡು ಫೇಸುಗಳ ನಡುವಿನ 415 ವೋಲ್ಟ್ ವಾಹನದೊಳಗೆ ನುಗ್ಗುತ್ತದೆ. ಎಲ್ಲವೂ ಸರಿಯಾಗಿ ಜೋಡಣೆಯಾಗಿದ್ದರೂ, ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಕರೆಂಟು ಮರಳುವ ನ್ಯೂಟ್ರಲ್ ತಂತಿ ಕಡಿದುಹೋದರೆ ಸಿಂಗಲ್ ಫೇಸಿನ ಸಾಕೆಟ್ಟಿನಲ್ಲೂ ವೋಲ್ಟೇಜು ಅಷ್ಟರ ಸಮೀಪಕ್ಕೆ ಏರಬಲ್ಲದು. ಆದ್ದರಿಂದ ವೋಲ್ಟೇಜು ಹೆಚ್ಚಾದರೂ ಕಡಿಮೆಯಾದರೂ ತಾನೇ ಕಡಿದುಕೊಳ್ಳುವ ಸಾಧನವನ್ನು ಎಂಸಿಬಿಯ (ಲೋಡು ಮಿತಿ ಮೀರಿದರೆ ಕಡಿದುಕೊಳ್ಳುವ ಸ್ವಿಚ್ಚಿನ) ಪಕ್ಕದಲ್ಲಿ ಇರಿಸಲೇಬೇಕು. ಅದರ ಜೊತೆಗೆ, ಕರೆಂಟು ಸೋರಿದರೆ ತಕ್ಷಣ ಕಡಿದುಕೊಳ್ಳುವ 30 ಮಿಲಿಆಂಪಿಯರಿನ ಇಎಲ್‌ಸಿಬಿ. ರಬ್ಬರ್ ಟೈರುಗಳ ಮೇಲೆ ನಿಂತ ವಾಹನದ ಲೋಹದ ಮೈಗೆ ಸೋರಿದ ಕರೆಂಟು ಅರ್ಥ್ ತಂತಿಯಿಲ್ಲದಿದ್ದರೆ ಎಲ್ಲಿಗೂ ಹರಿಯದೆ ಅಲ್ಲೇ ಕಾದಿರುತ್ತದೆ, ಒದ್ದೆ ನೆಲದ ಮೇಲೆ ನಿಂತವರು ಯಾರಾದರೂ ಮುಟ್ಟುವವರೆಗೆ. ನಮ್ಮ ಕಣದಲ್ಲಿ ನಡೆದದ್ದು ಇದೇ. ಈಗ ಕಣದ ಬದಿಯಲ್ಲೇ ಪ್ರತ್ಯೇಕ ಅರ್ಥಿಂಗ್ ಗುಂಡಿ ತೋಡಿಸಿ, ಅದು ಕರೆಂಟನ್ನು ನೆಲಕ್ಕೆ ಸರಿಯಾಗಿ ಇಳಿಸುತ್ತದೆಯೇ ಎಂದು ಪರವಾನಗಿಯಿರುವ ಗುತ್ತಿಗೆದಾರರಿಂದ ಅಳತೆ ಮಾಡಿಸಿದ್ದೇವೆ. ಪ್ರತಿಸಲ ನೆಂಟರು ಪ್ಲಗ್ ಚುಚ್ಚುವ ಮೊದಲು ಅಣ್ಣ ಇಎಲ್‌ಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡುತ್ತಾರೆ.

ನೀರಿನ ವಿಷಯ ಸುಲಭ. ಅಮೆರಿಕದಲ್ಲಿ ನಲ್ಲಿಯ ಒತ್ತಡ ಜಾಸ್ತಿಯಾಗಿ ವಾಹನದೊಳಗಿನ ಪೈಪು ಒಡೆಯದಿರಲೆಂದು ಒತ್ತಡ ತಗ್ಗಿಸುವ ಸಾಧನ ಹಾಕುತ್ತೇವೆ. ಊರಿನಲ್ಲಿ ಇಪ್ಪತ್ತು ಅಡಿ ಎತ್ತರದ ಟ್ಯಾಂಕಿನಿಂದ ಬರುವ ಒತ್ತಡ, ಚದರ ಇಂಚಿಗೆ ಇಷ್ಟು ಪೌಂಡು ಎಂಬ ಲೆಕ್ಕದಲ್ಲಿ, ಒಂಬತ್ತು ಪಿಎಸ್‌ಐ ಕೂಡ ಇರುವುದಿಲ್ಲ. ವಾಹನದ ಟ್ಯಾಂಕು ತುಂಬಿಸಿಕೊಟ್ಟರೆ ಅದರ ಸ್ವಂತ ಪಂಪು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಆದರೆ ಗಿಡಕ್ಕೆ ಔಷಧಿ ಹೊಡೆಯಲು ಬಳಸಿದ ಪೈಪಿನಲ್ಲಿ ಕುಡಿಯುವ ನೀರು ತುಂಬಬಾರದು, ಅದಕ್ಕೆ ಬೇರೆಯದೇ ಪೈಪು ಇರಲಿ.

ನನ್ನನ್ನು ಹೆಚ್ಚು ಕಾಡುವುದು ಶೌಚದ ಟ್ಯಾಂಕು. ನಮ್ಮ ತೋಟದ ಕೆಳಗೆ ಹರಿಯುವ ತೋಡು ಹಾರಂಗಿಯನ್ನು ಸೇರುತ್ತದೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಕತ್ತಲಾದ ಮೇಲೆ ತೋಡಿನ ದಡದಲ್ಲಿ ವಾಲ್ವ್ ಬಿಚ್ಚಿಬಿಡುವುದನ್ನು ಯಾವ ಕೊಡಗಿನವರೂ ಒಪ್ಪಲಾರರು. ಮನೆಯ ಸೆಪ್ಟಿಕ್ ಟ್ಯಾಂಕಿಗೆ ಹೋಗುವ ನಾಲ್ಕು ಇಂಚಿನ ಪೈಪಿಗೆ ಕಣದ ಹತ್ತಿರ ಒಂದು ಬಾಯಿ ತೆಗೆಸಿ, ಬಿಗಿಯಾದ ಮುಚ್ಚಳ ಹಾಕಿಸಿದರೆ ವಾಹನದ ಮೂರಿಂಚಿನ ಕೊಳವೆಯನ್ನು ಅದಕ್ಕೆ ಜೋಡಿಸಬಹುದು. ವಾಲ್ವನ್ನು ಸದಾ ತೆರೆದಿಟ್ಟರೆ ನೀರು ಮಾತ್ರ ಹರಿದುಹೋಗಿ ಗಟ್ಟಿ ಪದಾರ್ಥ ಒಳಗೇ ಉಳಿಯುವುದರಿಂದ, ಟ್ಯಾಂಕು ಮುಕ್ಕಾಲು ತುಂಬುವವರೆಗೂ ಮುಚ್ಚಿಟ್ಟು, ಮೊದಲು ಶೌಚದ ಟ್ಯಾಂಕನ್ನು, ಆಮೇಲೆ ಸ್ನಾನದ ನೀರಿನದನ್ನು ಖಾಲಿ ಮಾಡಬೇಕು. ಕೊಳವೆ ತಾನಾಗಿ ತೊಳೆದುಹೋಗುತ್ತದೆ. ವಾಸನೆ ತಡೆಯಲು ಹಾಕುವ ರಾಸಾಯನಿಕದಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಅದು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಆದ್ದರಿಂದ ಎನ್‌ಜೈಮ್ ಇರುವಂಥದನ್ನೇ ಬಳಸುವಂತೆ ನೆಂಟರಿಗೆ ಮೊದಲೇ ಹೇಳಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಹೀರುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 100 ಅಡಿ ಅಂತರ ಬೇಕೆನ್ನುತ್ತಾರೆ. ಊರಿನ ಹಳೆಯ ಮನೆಗಳಲ್ಲಿ ಆ ಅಂತರವನ್ನು ಒಮ್ಮೆ ಟೇಪ್ ಹಿಡಿದು ಅಳೆದು ನೋಡುವುದು ಒಳ್ಳೆಯದು.

ವಾಹನ ನಿಲ್ಲಿಸಲು ಕಣಕ್ಕಿಂತ ಒಳ್ಳೆಯ ಜಾಗ ನಮ್ಮ ಮನೆಗಳಲ್ಲಿಲ್ಲ: ಸಮತಟ್ಟಾದ ಗಟ್ಟಿ ನೆಲ, ಲಾರಿ ತಿರುಗುವಷ್ಟು ಅಗಲ. ತೊಡಕೆಂದರೆ ನೆಂಟರು ಬರುವ ಡಿಸೆಂಬರ್, ಜನವರಿಯಲ್ಲೇ ಅಲ್ಲಿ ಕಾಫಿ ಹರಡಿರುತ್ತದೆ. ಕೊಯ್ಲಿನ ದಿನಗಳಲ್ಲಿ ಒಂದು ಮೂಲೆ ಬಿಡಿಸಿಕೊಡಿ ಎಂದು ಮನೆಯವರನ್ನು ಕೇಳುವುದು ಸಣ್ಣ ಮಾತಲ್ಲ. ಹಾಗೆಂದು ಗುಡ್ಡದ ಬದಿಯನ್ನು ಜೇಸಿಬಿಯಿಂದ ಕಡಿಸಿ ಹೊಸ ಜಾಗ ಮಾಡಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಗುಡ್ಡಗಳು ಮನೆಗಳ ಸಮೇತ ಜಾರಿದ್ದನ್ನು ನಾವು ಮರೆಯುವಂತಿಲ್ಲ. ಹಲಸಿನ ಮರದ ಕೆಳಗೂ ಬೇಡ. ಹಣ್ಣಾಗುವ ಕಾಲದಲ್ಲಿ ಆ ಮರವನ್ನು ಹುಡುಕಿಕೊಂಡು ಆನೆ ಬರುತ್ತದೆ.

ನಮ್ಮ ಕಣದಲ್ಲಿ ಇನ್ನೊಂದು ಕೆಲಸ ಬಾಕಿಯಿದೆ. ಸೆಪ್ಟಿಕ್ ಪೈಪಿಗೆ ತೆಗೆಸಿದ ಬಾಯಿ ನೆಲದ ಮಟ್ಟಕ್ಕೇ ಇರುವುದರಿಂದ ಮುಂಗಾರಿನ ನೀರು ಅದರೊಳಗೆ ಇಳಿದು ಸೆಪ್ಟಿಕ್ ಟ್ಯಾಂಕು ತುಂಬಿಹೋಗಬಹುದು. ಜೂನ್ ಹಿಡಿಯುವ ಮೊದಲು ಸುತ್ತಲೂ ಅರ್ಧ ಅಡಿ ಕಟ್ಟೆ ಕಟ್ಟಿಸುವುದಾಗಿ ಅಣ್ಣ ಹೇಳಿದ್ದಾರೆ. ಮುಂದಿನ ನೆಂಟರು ಬರುವುದು ದಸರೆಗೆ.