ಮಗಳಿಗೊಂದು ಪತ್ರ: ಹೊಳಪು ನೋಡಿ ಬೋಲ್ಟ್ ಆರಿಸಬೇಡ

ಕಲಬುರಗಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳಿಸಿದ ವೀಲ್ ಫೋಟೊ ನೋಡಿದೆ. ಜರ್ಮನಿಯ ಬಿಬಿಎಸ್ ಕಂಪನಿಯ ಹಳೇ ಆರ್‌ಎಸ್ ಮಾದರಿ, ಮೂರು ತುಂಡು ಸೇರಿಸಿ ಬೋಲ್ಟ್ ಹಾಕಿದ್ದು. ಬಹಳ ಚೆನ್ನಾಗಿದೆ. ಆದರೆ ಪಕ್ಕದಲ್ಲಿದ್ದ ಸ್ಟೇನ್‌ಲೆಸ್ ಬೋಲ್ಟ್‌ಗಳನ್ನು ಮಾತ್ರ ಹಾಕಬೇಡವ್ವ.

ವೀಲಿನ ನಡುವಿನ ಡಿಸ್ಕು, ಒಳಬದಿಯ ರಿಮ್ಮಾದ ಬ್ಯಾರಲ್ಲು, ಹೊರಗಿನ ಅಂಚಾದ ಲಿಪ್ಪು, ಈ ಮೂರನ್ನೂ ಒತ್ತಿ ಹಿಡಿಯುವುದೇ ಆ ಬೋಲ್ಟಿನ ಕೆಲಸ. ಬ್ರೇಕ್ ಹಾಕಿದಾಗ, ಗುಂಡಿಗೆ ಬಿದ್ದಾಗ ಬರುವ ಹೊಡೆತವನ್ನು ಹೆಚ್ಚಾಗಿ ತಾಳುವುದು ಆ ಒತ್ತೇ. ಒತ್ತು ಕಮ್ಮಿಯಾದರೆ ತುಂಡುಗಳು ಕಣ್ಣಿಗೆ ಕಾಣದಷ್ಟು ಜರುಗುತ್ತವೆ. ಬೋಲ್ಟ್ ಆಕಡೆ ಈಕಡೆ ಬಾಗಿ ಬಾಗಿ ದಣಿದು ಮುರಿಯುತ್ತದೆ. ಒಂದು ಮುರಿದರೆ ಅದರ ಹೊರೆ ಪಕ್ಕದವುಗಳ ಮೇಲೆ.

ಅಂಗಡಿಯಲ್ಲಿ ಸಿಗುವ ಸ್ಟೇನ್‌ಲೆಸ್ ಬೋಲ್ಟಿನ ತಲೆ ಮೇಲೆ ಸಾಮಾನ್ಯವಾಗಿ ಎ2-70 ಅಂತ ಬಲದ ದರ್ಜೆಯ ನಂಬರ್ ಇರುತ್ತದೆ. ಅದು ಸುಮಾರು 450 ಮೆಗಾಪಾಸ್ಕಲ್ (ಎಳೆತದ ಒತ್ತಡ ಅಳೆಯುವ ಮಾನ) ಎಳೆತಕ್ಕೇ ಹಿಗ್ಗಿ ಹಾಗೇ ಉಳಿದುಬಿಡುತ್ತದೆ. 10.9 ಅನ್ನೋ ದರ್ಜೆಯ ಉಕ್ಕಿನ ಬೋಲ್ಟ್ ಸುಮಾರು 900ರ ತನಕ ತಡೆಯುತ್ತದೆ. ಜೊತೆಗೆ ಸ್ಟೇನ್‌ಲೆಸ್ ಬಿಗಿಯುವಾಗಲೇ ನಟ್ಟಿಗೆ ಕಚ್ಚಿಕೊಳ್ಳುವುದುಂಟು. ಮಳೆ ನೀರು ಸೇರಿದರೆ ಸುತ್ತಲಿನ ಅಲ್ಯೂಮಿನಿಯಂ ತಿನ್ನುತ್ತದೆ.

ನಂಬರ್ ಸರಿ ಇದ್ದರೆ ಸಾಲದು, ಉದ್ದವೂ ಸರಿ ಇರಬೇಕು. ಬೋಲ್ಟನ್ನು ಕೈಯಲ್ಲಿ ಹಿಡಿದು ನೋಡು. ತಲೆಯ ಕೆಳಗೆ ಥ್ರೆಡ್ ಇಲ್ಲದ ನುಣ್ಣನೆಯ ಭಾಗ ಇರುತ್ತದೆ, ಅಲ್ವಾ? ತುಂಡುಗಳು ಕೂಡುವ ಜಾಗದಲ್ಲಿ ಆ ಭಾಗವೇ ಬರಬೇಕು. ಥ್ರೆಡ್ಡಿನ ಗೆರೆ ಅಲ್ಲಿ ಬಂದರೆ ಬಿರುಕು ಶುರುವಾಗುವುದೇ ಆ ಗೆರೆಯಿಂದ. ಹಾಗಂತ ನುಣ್ಣನೆಯ ಭಾಗ ಜಾಸ್ತಿ ಉದ್ದ ಇದ್ದರೆ ಇನ್ನೂ ಕೆಟ್ಟದ್ದು. ನಟ್ ಥ್ರೆಡ್ಡಿನ ಕೊನೆಗೆ ಹೋಗಿ ತಡೆದು ನಿಲ್ಲುತ್ತದೆ. ಪಾನಾ ಗಟ್ಟಿಯಾಗುತ್ತದೆ, ಟಾರ್ಕ್, ಅಂದರೆ ತಿರುಗಿಸುವ ಬಲ, ಅಳೆಯುವ ರೆಂಚ್ ಟಿಕ್ ಅನ್ನುತ್ತದೆ, ಆದರೆ ತುಂಡುಗಳ ನಡುವೆ ಒತ್ತೇ ಇರುವುದಿಲ್ಲ. ಹೊರಗಿನಿಂದ ಎಷ್ಟು ನೋಡಿದರೂ ಗೊತ್ತಾಗದ ತಪ್ಪು ಇದು. ನನಗೆ ಇದರದ್ದೇ ಭಯ. ಬೇರೆ ದಪ್ಪದ ಲಿಪ್ ಹಾಕಿಸಿದರೆ ಹಳೇ ಅಳತೆ ನಂಬಬೇಡ. ದಪ್ಪ ಅಳೆಯುವ ವರ್ನಿಯರ್ ಹಿಡಿದು ಹೊಸದಾಗಿ ಅಳೆ.

ಈ ವೀಲಿಗೆ ಬೇಕಾದದ್ದು ಎಂ7, ಅಂದರೆ ಏಳು ಮಿಲಿಮೀಟರ್ ದಪ್ಪದ ಬೋಲ್ಟ್. ಅಂಗಡಿಗಳಲ್ಲಿ ಎಂ6, ಎಂ8 ಸುಲಭವಾಗಿ ಸಿಗುತ್ತವೆ, ಎಂ7 ಸಿಗುವುದು ಕಷ್ಟ. ಸಿಗಲಿಲ್ಲ ಅಂತ ತೂತು ಕೊರೆದು ಎಂ8 ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ವೀಲಿಗೆಂದೇ ಮಾಡಿದ ಸೆಟ್ಟನ್ನು ನಟ್ ಸಮೇತ ತರಿಸು. ಹತ್ತು ದಿನ ತಡವಾದರೂ ಪರವಾಗಿಲ್ಲ.

ಬಿಚ್ಚುವ ಮೊದಲು ಟೈರಿನ ಗಾಳಿ ಪೂರ್ತಿ ತೆಗೆ. ಗಾಳಿ ಇದ್ದಾಗ ಒಂದು ಬೋಲ್ಟನ್ನೂ ಮುಟ್ಟಕೂಡದು. ಜೋಡಿಸುವಾಗ ಎದುರು-ಬದುರು, ಎರಡು ಮೂರು ಸುತ್ತಿನಲ್ಲಿ ಬಿಗಿ. ಟಾರ್ಕ್ ಎಷ್ಟು ಅಂತ ಸೆಟ್ ಕೊಟ್ಟವರನ್ನೇ ಕೇಳು. ಒಣ ಥ್ರೆಡ್ಡಿಗೋ ಎಣ್ಣೆ ಹಚ್ಚಿದ್ದಕ್ಕೋ ಅಂತಲೂ ಕೇಳು. ಎಣ್ಣೆ ಇದ್ದರೆ ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಎಳೆದುಕೊಳ್ಳುತ್ತದೆ.

ದೀಪಾವಳಿಗೆ ಹೈದರಾಬಾದಿನಿಂದ ಹುಮನಾಬಾದ್ ಮೇಲೆ ಇದೇ ಕಾರಲ್ಲಿ ಬರುತ್ತೀನಿ ಅಂದಿದ್ದೀಯ. ಹಳೇ ಬೋಲ್ಟ್ ಒಂದನ್ನೂ ಎಸೆಯಬೇಡ. ಒಂದನ್ನು ಸ್ಕೇಲ್ ಪಕ್ಕ ಇಟ್ಟು, ನುಣ್ಣನೆಯ ಭಾಗ ಕಾಣುವ ಹಾಗೆ ಫೋಟೊ ಕಳಿಸು. ಹಣ ಕಟ್ಟುವ ಮೊದಲು ನಾನೂ ಒಮ್ಮೆ ನೋಡುತ್ತೇನೆ.

ಇಂತಿ,
ನಿನ್ನ ಅಪ್ಪ