ಕಾಟ್ಲಾ, ರೋಹು ಹೊಂಡದಲ್ಲಿ ಕೆಂಪು ಚುಕ್ಕೆ ಕಂಡರೆ
ಸದಸ್ಯರ ಗಮನಕ್ಕೆ: ಮೀನಿನ ಮೈಮೇಲೆ ಕೆಂಪು ಚುಕ್ಕೆ, ಉಬ್ಬಿದ ಹೊಟ್ಟೆ, ಎದ್ದುನಿಂತ ಹುರುಪೆ ಕಂಡರೆ ಏರೋಮೊನಾಸ್ ಬ್ಯಾಕ್ಟೀರಿಯಾ ಇರಬಹುದು. ಆದರೂ ಆಂಟಿಬಯಾಟಿಕ್ (ಬ್ಯಾಕ್ಟೀರಿಯಾ ಮಣಿಸುವ ಔಷಧ) ತರಲು ಅಂಗಡಿಗೆ ಓಡಬೇಡಿ. ಮೊದಲು ಆಹಾರ ನಿಲ್ಲಿಸಿ, ಬೆಳಗಿನ ಜಾವ ಆಮ್ಲಜನಕ ಅಳೆಯಿರಿ, ಸತ್ತ ಮೀನು ತೆಗೆದು ಸುಣ್ಣ ಹಾಕಿ ಹೂಳಿ.

ಆಂಟಿಬಯಾಟಿಕ್ ನೀರಿಗೆ ಸುರಿಯುವುದು ದುಡ್ಡು ಸುರಿದಂತೆಯೇ. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡು ಬಲ ಕಳೆದುಕೊಳ್ಳುತ್ತದೆ. ಸುಣ್ಣ ಹಾಕಿದ ಹೊಂಡದಲ್ಲಂತೂ ಕೇಳಲೇಬೇಡಿ. ಉಳಿದದ್ದು ಕೆಸರು ಸೇರಿ ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಔಷಧಕ್ಕೆ ಬಗ್ಗದ ಪ್ರತಿರೋಧ ಬೆಳೆಸುತ್ತದೆ. ಆಹಾರದಲ್ಲಿ ಬೆರೆಸಿದರೂ ತೊಡಕಿದೆ: ರೋಗ ಬಲಿತ ಮೀನು ತಿನ್ನುವುದೇ ಇಲ್ಲ, ಔಷಧವೆಲ್ಲ ಚೆನ್ನಾಗಿರುವ ಮೀನಿನ ಹೊಟ್ಟೆಗೆ. ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್‌ಗೆ ಏರೋಮೊನಾಸ್ ಹುಟ್ಟಿನಿಂದಲೇ ಬಗ್ಗುವುದಿಲ್ಲ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್ ಔಷಧಗಳು ಮೀನು ಸಾಕಣೆಯಲ್ಲಿ ನಿಷಿದ್ಧ. ಕೊಲಿಸ್ಟಿನ್ 2019ರಿಂದ ನಿಷೇಧದಲ್ಲಿದೆ.

ಪರೀಕ್ಷೆಗೆ ಸತ್ತ ಮೀನು ಬೇಡ. ಸತ್ತ ಮೇಲೆ ಕರುಳಿನ ಬ್ಯಾಕ್ಟೀರಿಯಾ ಮೈಗೆಲ್ಲ ಹರಡಿ ಫಲಿತಾಂಶ ಕೆಡುತ್ತದೆ. ರೋಗಲಕ್ಷಣವಿರುವ, ಇನ್ನೂ ಜೀವವಿರುವ ನಾಲ್ಕೈದು ಮೀನನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿಗೋ ಹತ್ತಿರದ ಪ್ರಯೋಗಾಲಯಕ್ಕೋ ಒಯ್ಯಿರಿ. ‘ಆಂಟಿಬಯಾಟಿಕ್ ಸೆನ್ಸಿಟಿವಿಟಿ ಪರೀಕ್ಷೆ ಮಾಡಿ’ ಎಂದು ಬಾಯಿಬಿಟ್ಟು ಕೇಳಿ; ಯಾವ ಔಷಧಕ್ಕೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದು ತಿಳಿಯುವುದು ಅದರಿಂದಲೇ. ವರದಿಗೆ ಎರಡು-ಮೂರು ದಿನ ಹಿಡಿಯುತ್ತದೆ. ತಜ್ಞರು ಔಷಧ ಬರೆದುಕೊಟ್ಟರೆ ಮೀನು ಚೇತರಿಸಿದಂತೆ ಕಂಡರೂ ನಡುವೆ ಬಿಡಬೇಡಿ. ಎಷ್ಟು ದಿನ ಮೀನು ಹಿಡಿದು ಮಾರಬಾರದು ಎಂಬುದನ್ನೂ ಅವರಿಂದಲೇ ಬರೆಸಿಕೊಳ್ಳಿ.