ಬಸ್ ಪಥ ಮರಳಿ ಬರಲಿ

ಮಾನ್ಯರೇ,

ಬೆಂಗಳೂರಿನ ಗಾಳಿ ಕೆಡುವುದರಲ್ಲಿ ವಾಹನಗಳ ಹೊಗೆಯ ಪಾಲು ಎಷ್ಟು ದೊಡ್ಡದೆಂಬುದು 2020ರ ಲಾಕ್‌ಡೌನ್‌ನಲ್ಲೇ ರುಜುವಾತಾದರೂ ಆ ಪಾಠವನ್ನು ನಾವು ಕೈಬಿಟ್ಟಿರುವುದು ವಿಷಾದದ ಸಂಗತಿ.

ಆ ವರ್ಷ ಮಾರ್ಚ್ 25ರಿಂದ ಸಂಚಾರ ಸ್ಥಗಿತಗೊಂಡಾಗ ನಗರದ ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಪ್ರಮಾಣ ದಿಢೀರನೆ ಕುಸಿಯಿತು. ನಗರಗಳಲ್ಲಿ ಹೆಚ್ಚಾಗಿ ವಾಹನಗಳ ಎಂಜಿನ್‌ನಿಂದಲೇ ಹೊಮ್ಮುವ ಈ ಅನಿಲ ಗಾಳಿಯಲ್ಲಿ ಉಳಿಯುವುದು ಕೆಲವೇ ಗಂಟೆ; ಹಾಗಾಗಿ ಹೊಗೆ ತಗ್ಗಿದರೆ ಫಲ ಕೂಡಲೇ ಕಾಣುತ್ತದೆ. (ರಸ್ತೆಯ ದೂಳು, ಕಸ ಸುಡುವಿಕೆಯಿಂದಲೂ ಬರುವ ಸೂಕ್ಷ್ಮ ಕಣಗಳು ಅಷ್ಟು ಬೇಗ ಮಣಿಯುವುದಿಲ್ಲ, ನಿಜ.) ಆದರೆ ಬಡವರ ದುಡಿಮೆಯನ್ನು ಕಿತ್ತುಕೊಂಡು ಬಂದ ಅಂತಹ ಶುದ್ಧ ಗಾಳಿ ಯಾರಿಗೂ ಬೇಡ. ಸಂಚಾರ ನಿಲ್ಲಿಸದೆಯೇ ಹೊಗೆ ತಗ್ಗಿಸುವ ದಾರಿ ಬೇಕು.

2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಿಎಂಟಿಸಿ ಬಸ್‌ಗಳಿಗೆಂದೇ ಪ್ರತ್ಯೇಕ ಪಥ ಮಾಡಲಾಗಿತ್ತು. ಮೆಟ್ರೊ ಕಾಮಗಾರಿ ಬಂದು ಅದು ಇಲ್ಲವಾಯಿತು. ಒಬ್ಬೊಬ್ಬರೇ ಕುಳಿತ ಕಾರುಗಳ ಸಾಲಿನ ನಡುವೆ, ಬಾಗಿಲವರೆಗೂ ಜನ ತುಂಬಿದ ಬಸ್ಸು ಮೊದಲ ಗೇರಿನಲ್ಲೇ ತೆವಳುತ್ತದೆ. ಸಿಗ್ನಲ್ ಬಳಿ ನಿಂತ ಸಂಚಾರ ಪೊಲೀಸರು, ಹೂ ಮಾರುವವರು ದಿನವಿಡೀ ಆ ಹೊಗೆಯನ್ನೇ ಉಸಿರಾಡುತ್ತಾರೆ.

ಮೆಟ್ರೊ ಕಾಮಗಾರಿ ಮುಗಿದಲ್ಲೆಲ್ಲ ಸರ್ಕಾರ ಬಸ್ ಪಥವನ್ನು ಮತ್ತೆ ಗುರುತಿಸಿ, ಅದರೊಳಗೆ ನುಗ್ಗುವ ಖಾಸಗಿ ವಾಹನಗಳಿಗೆ ತಪ್ಪದೆ ದಂಡ ವಿಧಿಸಬೇಕು. ಕಂಪನಿಗಳೂ ವಾರಕ್ಕೆ ಎರಡು ದಿನವಾದರೂ ಮನೆಯಿಂದಲೇ ಕೆಲಸ ಮಾಡಲು ಸಿಬ್ಬಂದಿಗೆ ಅವಕಾಶ ನೀಡಲಿ.

– ನಿತ್ಯ ಪ್ರಯಾಣಿಕ, ಬೆಂಗಳೂರು